ಇಲ್ಲದ ಪದಗಳ ಪಟ್ಟಿ

ಕೆಮಿ ಊರಿನ ಫೆಬ್ರವರಿ. ಬೆಳಿಗ್ಗೆ ಒಂಬತ್ತಾದರೂ
ಕಿಟಕಿಯಾಚೆ ಬೆಳಕು ಇನ್ನೂ ಬೂಟು ಹಾಕಿಕೊಳ್ಳುತ್ತಿದೆ.
ಸುಲೊ, ಆರು ವರ್ಷ ಎರಡು ತಿಂಗಳು,
ಉಣ್ಣೆ ಕಾಲುಚೀಲದಲ್ಲಿ ಜಾರಿಕೊಂಡು ಬಂದು ನನ್ನೆದುರು ಕೂತ.
ಕಿವಿ ಸರಿಯಿದೆ, ನೋಡಿಯಾಗಿದೆ.
ತುಂಡು ಕೂಡಿಸುವ ಆಟದಲ್ಲಿ ನನ್ನನ್ನೇ ಸೋಲಿಸಿದ.
ಆದರೂ ಮಾತು ಅವನ ನಾಲಿಗೆಗೆ ಬರುವಾಗ
ದಾರಿಯಲ್ಲಿ ಏನನ್ನೋ ಬೀಳಿಸಿಕೊಂಡೇ ಬರುತ್ತದೆ.

ಹಿಂದಿನ ಕುರ್ಚಿಯಲ್ಲಿ ಅಪ್ಪ ಯೂಸೊ,
ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ,
ಟೋಪಿಯನ್ನು ತೊಡೆಯ ಮೇಲೆ ಬೆಕ್ಕಿನ ಹಾಗೆ ಕೂರಿಸಿಕೊಂಡು.

ನಮ್ಮ ಭಾಷೆಗೆ ಹದಿನೈದು ವಿಭಕ್ತಿ.
ಒಳಗಿರುವುದಕ್ಕೆ ಒಂದು ಬಾಲ, ಒಳಹೋಗುವುದಕ್ಕೆ ಇನ್ನೊಂದು,
ಒಳಗಿಂದ ಹೊರಬರುವುದಕ್ಕೆ ಮತ್ತೊಂದು;
ಇಲ್ಲದಿರುವುದಕ್ಕೂ ಒಂದಿದೆ.
ಸುಲೊನ ಬೆಕ್ಕಿಗೆ ಮಾತ್ರ ಬಾಲವಿಲ್ಲ:
"ಬೆಕ್ಕು ಡಬ್ಬ."
ಡಬ್ಬದಲ್ಲೋ, ಡಬ್ಬದ ಮೇಲೋ, ಡಬ್ಬದಿಂದ ಜಿಗಿಯಿತೋ?
ಅವನಿಗೆ ಗೊತ್ತು. ಚಿತ್ರದ ಮೇಲೆ ಬೆರಳು ಹಾರಿಸಿ ತೋರಿಸಿದ.
ಬೆರಳಿಗೆ ಅಂಕವಿಲ್ಲ. ಸೊನ್ನೆ ಬರೆದೆ.

"ನಾಯಿಯನ್ನು ಅಟ್ಟಿಸಿಕೊಂಡು ಹೋದ ಹುಡುಗಿ ಹಿಮದಲ್ಲಿ ಬಿದ್ದಳು,"
ಎಂದೆ. ಹಾಗೇ ಹೇಳು.
"ನಾಯಿ ಓಡು. ಹುಡುಗಿ ಬೀಳು." ಸ್ವಲ್ಪ ತಡೆದು,
"ಪಾಪ."
ಪಾಪ ನನ್ನ ವಾಕ್ಯದಲ್ಲಿ ಇರಲಿಲ್ಲ.
ಅದಕ್ಕೂ ಸೊನ್ನೆ.

ಕೊನೆಗೆ ಇಲ್ಲದ ಪದಗಳ ಪಟ್ಟಿ.
ಯಾವ ನಿಘಂಟಿನವೂ ಅಲ್ಲ, ಯಾವ ಅಜ್ಜಿಯೂ ಆಡಿದ್ದಲ್ಲ;
ಕೇಳಿದ ಸದ್ದನ್ನು ಕಿವಿ ಎಷ್ಟು ಹೊತ್ತು ಹಿಡಿದಿಟ್ಟುಕೊಂಡೀತೆಂದು
ತೂಗಲಿಕ್ಕೆಂದೇ ಯಾರೋ ಮೇಜಿನ ಮುಂದೆ ಕೂತು ಹೊಸೆದವು.
ತುಮ್ಮೊ.
"ತುಮ್ಮೊ."
ಕೆಲಪಿ.
"ಕೆಲಪಿ."
ರಾವಿಸುಮೆ.
"ರಾವಿ... ಸುಮೆ."
ಪಿಲೊಕಾನುರೆ.
"ಪಿಲೊ," ಎಂದ. "ಪಿಲೊ." ಆಮೇಲೆ ಕಿಟಕಿ ನೋಡಿದ.

ನಾನೂ ತಲೆಯೆತ್ತಿದೆ, ಕಂಡೆ:
ಹಿಂದೆ ಯೂಸೊನ ತುಟಿಯೂ ಅಲುಗುತ್ತಿತ್ತು.
ಪಿಲೊ. ಪಿಲೊ.
ಮಗ ನಿಂತ ಅಕ್ಷರದ ಅಂಚಲ್ಲೇ ಅಪ್ಪನೂ ನಿಂತಿದ್ದ,
ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಬಿರುಕು ಕಂಡವನ ಹಾಗೆ.

ಮಾತು ಬೆಳ್ಳಿ, ಮೌನ ಬಂಗಾರ.
ಮಾತಾಡದ ಗಂಡಸನ್ನು ಇಲ್ಲಿ ಯಾರೂ ಕೇಳುವುದಿಲ್ಲ;
ಗಟ್ಟಿ ಆಳು, ಎನ್ನುತ್ತಾರೆ. ಮೂವತ್ತೊಂಬತ್ತು ವರ್ಷ
ಯೂಸೊ ಬಂಗಾರವಾಗಿಯೇ ಬದುಕಿದ.
ಒರೆಗಲ್ಲಿಗೆ ಹಚ್ಚಿದವರಿಲ್ಲ.

"ಶಾಲೆಯಲ್ಲಿ ನನ್ನನ್ನು..." ನಿಲ್ಲಿಸಿದ. ಟೋಪಿ ತಿರುಗಿಸಿದ.
"ಕೊನೇ ಬೆಂಚು. ಸೋಮಾರಿ ಅಂತ."
ಮತ್ತೆ ತಿರುಗಿಸಿದ.
"ಸೋಮಾರಿ ಅಲ್ಲ."
ನಾನು ಗಡಿಯಾರ ನೋಡಲಿಲ್ಲ.

ಅಷ್ಟರಲ್ಲಿ ಸುಲೊ ಕುರ್ಚಿಯಿಂದಿಳಿದು
ನೆಲಕ್ಕೆ ಮುಷ್ಟಿಯೂರಿ ತಿರುವತೊಡಗಿದ್ದ, ಗರ್ ಗರ್.
ಏನದು?
ಹುಡುಕಿದ. ಹುಬ್ಬು ಗಂಟಿಕ್ಕಿತು. ಬೈರಿಗೆ ಎಂಬ ಪದ
ಎಲ್ಲೋ ಆಳದಲ್ಲಿ ಬೆನ್ನು ತೋರಿಸಿ ಮುಳುಗಿತು.
"ಮಂಜು... ತಿರುಪು."
ಆಮೇಲೆ?
"ಅಪ್ಪ ಕೂರು. ನಾನು ಕೂರು. ಸುಮ್ಮನೆ. ಮೀನು ಬರು."
ಎರಡೂ ಕೈ ಚಾಚಿದ: ಇಷ್ಟುದ್ದ!
ಹಿಂದಿನಿಂದ ಯೂಸೊ ಎದ್ದು ಬಂದು
ಆ ಪುಟ್ಟ ಕೈಗಳನ್ನು ಹಿಡಿದು, ಮೆಲ್ಲಗೆ, ಹತ್ತಿರ ತಂದ.
ಇನ್ನೂ ಹತ್ತಿರ ತಂದ.
ಇಬ್ಬರೂ ನಕ್ಕರು.

ಅಂಕ ಕೂಡಿಸಿದೆ: ಸರಾಸರಿಗಿಂತ ಬಹಳ ಕೆಳಗೆ.
ಅದು ಸುಳ್ಳಲ್ಲ. ಆ ಸಂಖ್ಯೆಯಿಲ್ಲದೆ
ಶರತ್ಕಾಲಕ್ಕೆ ಶಾಲೆ ಸೇರುವ ಹುಡುಗನಿಗೆ ಪಕ್ಕದಲ್ಲೊಬ್ಬರು ಸಿಗುವುದಿಲ್ಲ,
ಕೊನೇ ಬೆಂಚು ಸಿಗುತ್ತದೆ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಬೈರಿಗೆಯ ಹೆಸರು ಸಿಗಲಿಲ್ಲ. ಒಂದು ಮಾಡಿಕೊಂಡ.

ಬಾಗಿಲಲ್ಲಿ ಯೂಸೊ ತಿರುಗಿ ನಿಂತ.
"ಆ ಪಿಲೊ... ಮುಂದೇನು?"
ಪಿಲೊಕಾನುರೆ.
"ಹಾಗಂದರೆ?"
ಹಾಗಂದರೆ ಏನೂ ಇಲ್ಲ, ಎಂದೆ.
"ಓ," ಎಂದ, ದೊಡ್ಡ ಮೂಟೆ ಇಳಿಸಿದವನಂತೆ,
ಮಗನ ಟೋಪಿಯನ್ನು ಕಿವಿ ಮುಚ್ಚದ ಹಾಗೆ ತೊಡಿಸಿದ.