ಮುದಗಲ್ಲು, ಮೊದಲ ಸಲ

ಲಿಂಗಸುಗೂರಿನ ಬಸ್ಸಿನಿಂದ ಇಳಿದಾಗ ಹನ್ನೊಂದೂಕಾಲು.
ಕೈಯಲ್ಲಿ ಮರದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಗುಳಿಗಳಲ್ಲಿ
ಹಿತ್ತಾಳೆಯ ತೂಕಗಳು: ಎರಡು ಕಿಲೋದಿಂದ ಹಿಡಿದು
ಚಿಮಟದಲ್ಲಷ್ಟೇ ಎತ್ತಬೇಕಾದ ಗ್ರಾಮಿನ ತನಕ.
ತೂಕ-ಅಳತೆ ಇಲಾಖೆ. ಬದಲಿಯಾಗಿ ಬಂದು ಇಪ್ಪತ್ತು ದಿನ.
ನಾಲೆ ನೀರಿನ ಕಡೆಯವನು ನಾನು.
ಕಲ್ಲೆಂದರೆ ನನಗೆ ಬಟ್ಟೆ ಒಗೆಯುವ ಕಲ್ಲು,
ಹೆಚ್ಚೆಂದರೆ ಹಿಟ್ಟು ರುಬ್ಬುವುದು.

ಇಲ್ಲಿ ಕಲ್ಲು
ಊರಿಗಿಂತ ಮೊದಲೇ ಎದ್ದು ಕೂತಿದೆ,
ಮುಖ ತೊಳೆಯದೆ,
ಬಂದವರನ್ನು ಬಾ ಎನ್ನದೆ.

ನಕ್ಷೆಯಲ್ಲಿ ಕೋಟೆ ಎಂದಿದ್ದುದನ್ನು
ಟಿಕೆಟ್ಟು, ಬೇಲಿ, ಹುಲ್ಲುಹಾಸು ಎಂದು ಓದಿಕೊಂಡಿದ್ದೆ.
ಕಂದಕದ ಪಾಚಿಯಲ್ಲಿ ಒಂಟಿಗಾಲಿನ ಕೊಕ್ಕರೆ.
ತೆನೆಯಿಂದ ತೆನೆಗೆ ಹಗ್ಗ ಬಿಗಿದು ಬುರುಜಿನ ಮೇಲೆ
ಯಾರೋ ಒಣಹಾಕಿದ ನೀಲಿ ಶಾಲೆಲಂಗ.
ಆನೆ ಹಾಯದಿರಲೆಂದು ಬಾಗಿಲಿಗೆ ಬಡಿದ ಮೊಳೆಗೆ
ಗಾರೆ ಕೆಲಸದವನ ಬುತ್ತಿಚೀಲ.
ಒಳಗೆ ಓಣಿ, ಓಣಿಯಲ್ಲಿ ಹಂಚಿಕೆ ನಲ್ಲಿ,
ನಲ್ಲಿಯ ಮುಂದೆ ಕೊಡಗಳ ಸಾಲು
ಯಾವ ದಂಡಿಗಿಂತಲೂ ಶಿಸ್ತಾಗಿ.

ಸೈಕಲ್ಲು ತಳ್ಳುತ್ತ ಜೊತೆಯಾದ ಬಂದೇನವಾಜ, ಏಳನೆಯ ಇಯತ್ತೆ.
ಕೇಳದೆಯೇ ಹೇಳಿದ:
"ಆ ಗ್ವಾಡಿ ರಾಯರದು, ಈ ಕಮಾನು ಬಾದಶಾಂದು,
ಇಲ್ಲಿ ಸುಣ್ಣದಾಗ ಗೀಚಿದ್ದು ನಮ್ ಮಾಮಾಂದು.
ಬುರುಜು ಎಷ್ಟದಾವ ಹೇಳ್ರಿ ನೋಡೂಣು?"
ಸುಮ್ಮನಾದೆ. ಎಣಿಸುವುದು ನನ್ನ ಕಸುಬು,
ಆದರೂ ಸುಮ್ಮನಾದೆ.

ಎಲ್ಲೋ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು.
ಗೋವೆಯಿಂದ ನಡೆದೇ ಬಂದರಂತೆ ಪಾದ್ರಿಗಳು.
ಅದರ ಕೊನೆಯ ನಾದ ಆರುವ ಮೊದಲೇ
ಮಸೀದಿಯ ಮೈಕು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು.
ಅಲಾಯಿ ಕುಣಿಯ ಬೂದಿಯಲ್ಲಿ
ಒಂದು ನಾಯಿ ತನ್ನ ಅಳತೆಗೆ ಗುಂಡಿ ಮಾಡಿಕೊಂಡು ಮಲಗಿತ್ತು.

ಸಂತೆಯ ಕಟ್ಟೆ. ಕೆಲಸ ಶುರು.
ಮೂರು ತಕ್ಕಡಿ ಸರಿ, ಒಂದರ ಮುಳ್ಳು ಸುಳ್ಳಿ.
ಅದರಾಚೆ ಅಂತೋಣಮ್ಮ, ಎದುರಿಗೆ ಉಳ್ಳಾಗಡ್ಡಿ, ಪುಂಡಿಪಲ್ಯೆ,
ತಟ್ಟೆಯಲ್ಲಿ ತೂಕದ ಬದಲು ಒಂದು ಗುಂಡು ಕಲ್ಲು,
ಯಾವುದೋ ಮುತ್ತಿಗೆಯದು,
ಸೆರಗಿನಲ್ಲಿ ಒರೆಸಿ ಒರೆಸಿ ನುಣುಪಾದದ್ದು.

"ಇದೇನಮ್ಮ?"
"ಕಿಲೋರಿ."
"ಯಾರು ಹೇಳಿದ್ದು?"
"ನಮ್ ಅತ್ತಿ."

ಪೆಟ್ಟಿಗೆ ತೆರೆದೆ. ಜನ ಸೇರಿದರು.
ಇತ್ತ ನನ್ನ ಹಿತ್ತಾಳೆ, ಅತ್ತ ಅವಳ ಕಲ್ಲು.
ಮುಳ್ಳು ಅತ್ತಿತ್ತ ಆಡಿ
ಅವಳ ಕಡೆ ವಾಲಿ ನಿಂತಿತು.
ಹದಿನಾಲ್ಕು ಗ್ರಾಂ ಹೆಚ್ಚು.
ದಿನಕ್ಕೆ ಎಷ್ಟು ಗಿರಾಕಿ, ಎಷ್ಟು ವರ್ಷ,
ಈಕೆ ಕಳೆದುಕೊಂಡ ಉಳ್ಳಾಗಡ್ಡಿ ಎಷ್ಟು ಗಾಡಿ,
ಮನಸ್ಸಿನಲ್ಲೇ ಗುಣಿಸುತ್ತ ಹೇಳಿದೆ,
ನಿಮಗೇ ಲುಕ್ಸಾನು ಇದರಿಂದ.

"ಗೊತ್ತೈತ್ರಿ.
ಮಂದಿ ತೆಲಿ ಒಡಿಯಾಕಂತ ಕಡದ ಕಲ್ಲದು.
ಚೂರು ಹೆಚ್ಚಿಗಿ ಕೊಟ್ಕೋತ ಇರಬೇಕಂತ ಹೇಳ್ತಿದ್ಲು ಮುದುಕಿ.
ಎಲ್ಲೀ ತನಕ ಅಂತ ಹೇಳಲಿಲ್ಲ."

ಜಪ್ತು ಮಾಡಬೇಕಾಗುತ್ತೆ, ಕಾನೂನು, ಎಂದೆ.
"ಒಯ್ರಿ ಒಯ್ರಿ. ಕಂದಕದಾಗ ಇನ್ನಾ ಭಾಳ ಅದಾವ."
ಸುತ್ತಲಿದ್ದವರು ನಕ್ಕರು. ನನಗೂ ಬಂತು ನಗು,
ಎರಡೂ ಕೈಯಲ್ಲಿ ಕಲ್ಲು ಹಿಡಿದುಕೊಂಡಿದ್ದೆ,
ಬಿಸಿಲಿಗೆ ಕಾದು ಕೋಳಿಮೊಟ್ಟೆಯ ಹಾಗೆ ಬೆಚ್ಚಗಿತ್ತು.
ಮೆಲ್ಲಗೆ ತಿರುಗಿ ತಟ್ಟೆಗೇ ಇಟ್ಟೆ.

ಷರಾ ಕಾಲಮ್ಮಿನಲ್ಲಿ ಬರೆದದ್ದು:
ಸದರಿ ತೂಕ ದುಂಡಗಿದೆ.
ಮುದ್ರೆ ಒತ್ತಲು ಚಪ್ಪಟೆ ಜಾಗವಿಲ್ಲ.
ಮೇಲಿನವರು ಓದಿ ಏನೆನ್ನುವರೋ.

ಮೂರೂವರೆ ಬಸ್ಸು. ಕಾಗದದಲ್ಲಿ ಮಂಡಾಳ ಒಗ್ಗರಣೆ,
ಮೇಲೊಂದು ಮಿರ್ಚಿ, ಕಣ್ಣಲ್ಲಿ ನೀರು.
ಕಿಟಕಿಯಿಂದ ಬುರುಜು ಎಣಿಸತೊಡಗಿದೆ,
ನೀಲಿ ಲಂಗ ಇದ್ದದ್ದು ಮೊದಲನೆಯದು ಎಂದು ಗುರುತಿಟ್ಟುಕೊಂಡು.
ಏಳಕ್ಕೋ ಎಂಟಕ್ಕೋ ಬಸ್ಸು ಹೊರಳಿತು, ತಿರುಗಿ ನೋಡಿದರೆ
ಲಂಗ ಒಣಗಿ, ಯಾರೋ ತೆಗೆದುಕೊಂಡು ಹೋಗಿದ್ದರು.