ಕಿವಿಯ ಓಲೆ

ಸೊಹಾರ್ ಬಂದರಿಗೆ ಹಡಗು ಬಂದದ್ದು ನಸುಕಿನ ಮೂರಕ್ಕೆ.
ಹಡಗಿಗಿಂತ ಮುಂಚೆ ಅದರ ವಾಸನೆ ಬಂತು:
ಗಂಜಲ, ಹುಳಿತ ಮೇವು, ಎಣ್ಣೆ, ಉಪ್ಪು.
ಹಾನಗಲ್ ಕಡೆಯವನಾದ ನನಗೆ ಮೂಗಿನಲ್ಲೇ ಅರ್ಧ ಊರು,
ಇನ್ನರ್ಧ ಯಾರದೋ.

ನನ್ನ ಕೆಲಸ ಎಣಿಸುವುದು.
ಇಳಿಜಾರು ಹಲಗೆಯ ಮೇಲೆ ಗೊರಸು ಜಾರುತ್ತ ಬರುವಾಗ
ಕಿವಿಗೆ ಚುಚ್ಚಿದ ಹಳದಿ ಓಲೆಯ ಅಂಕಿ ಓದಿ
ಕೂಗಬೇಕು. ಸುಡಾನಿನ ತಿಜಾನಿ ಬರೆದುಕೊಳ್ಳುತ್ತಾನೆ.
ಅವನೂ ದನದ ಮನೆತನದವನೇ.
ಅರಬಿಯ ಏಳು ನೆಟ್ಟಗೆ ನಿಂತ ಕೊಂಬು,
ಎಂಟು, ಅದೇ ಕೊಂಬು ತಲೆಕೆಳಗು.
ಪುಟದ ತುಂಬ ಹಾಯಲು ಬರುವ ಮಂದೆ.

ದನಗಳ ಹಿಂದೆ ಇಳಿದವನು ಕ್ಲೆಮ್, ಹಡಗಿನ ದನಗಾಹಿ.
ಕರ್ರಗಿನ ಮುದುಕ, ಬಿಳಿ ಗಡ್ಡ. ನಮ್ಮವನೇ ಅಂದುಕೊಂಡು
ಯಾವೂರು ಅಂತ ಹಿಂದಿಯಲ್ಲಿ ಕೇಳಿದೆ.
ಪ್ರಶ್ನೆ ಹಳೆಯದು ಅನ್ನುವ ಹಾಗೆ ನಕ್ಕು, ಇಂಗ್ಲಿಷಿನಲ್ಲಿ ಅಂದ:
"ಇವು ಹುಟ್ಟಿದ ಊರೇ. ಇವಕ್ಕಿಂತ ಮೊದಲಿನಿಂದ."

ಕ್ರೇನಿನ ನೆರಳಲ್ಲಿ ಚಹಾ ಆರುವ ಮುಂಚೆ ಹೇಳಿದ್ದು ಇಷ್ಟು.
ಮೊದಲು ದನ ಬಂದವು, ಅವುಗಳ ಹಿಂದೆ ಕುದುರೆಯ ಮೇಲೆ ಒಡೆಯರು.
ನೀರಿನ ಹೊಂಡಗಳಿಗೆ ಒಂದೊಂದು ಹೆಸರಿತ್ತು;
ಗೊರಸು ತುಳಿದ ಮೇಲೆ ಎಲ್ಲದಕ್ಕೂ ಕೆಸರೆಂದೇ ಹೆಸರು.
ಬೇಟೆ ಓಡಿಹೋಯಿತು. ಹಸಿದವನೊಬ್ಬ ಒಂದು ಹೋರಿಗೆ ಈಟಿ ಎಸೆದ.
ಒಂದು ಹೋರಿಗೆ ಎಷ್ಟು ಜನ?
ಎರಡು ಸಲ ಬೆರಳು ಮಡಚಿದ, ಬಿಟ್ಟ.
ಅಜ್ಜಿಯ ಅಪ್ಪ ಉಳಿದ, ಕುದುರೆ ಪಳಗಿಸಲು ಬರುತ್ತಿತ್ತಂತೆ.
ಅದೇ ಒಡೆಯನ ಮಂದೆ ಕಾದ, ನಲವತ್ತು ವರ್ಷ.
ಕೂಲಿ: ಹಿಟ್ಟು, ಸಕ್ಕರೆ, ಚಹಾಪುಡಿ, ಚಳಿಗೊಂದು ಕಂಬಳಿ.
"ಲೆಕ್ಕದ ಪುಸ್ತಕದಲ್ಲಿ ಒಂದೊಂದು ದನಕ್ಕೂ ಅಂಕಿ.
ಅವನು ಬರೀ ಟಾಮಿ. ಅದೇ ಪುಟದಲ್ಲಿ
ಇನ್ನೂ ಮೂವರು ಟಾಮಿ."

ನನಗೆ ನೆನಪಾದದ್ದು ಹೊಲದ ಬದುವಿನ ಕಲ್ಲು.
ತುರುಗೋಳಿನಲ್ಲಿ ಕಾದಿ ಸತ್ತವನದು.
ಕೆಳಗೆ ಬಿಲ್ಲು, ದನದ ಸಾಲು; ನಡುವೆ ಅವನನ್ನೆತ್ತಿಕೊಂಡ ಅಪ್ಸರೆಯರು;
ಮೇಲೆ ಲಿಂಗ, ಸೂರ್ಯ, ಚಂದ್ರ.
ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ಅವನ ಮುಖ ಬೆಣ್ಣೆಯಂತಾಗಿದೆ.
ಚಿಕ್ಕಂದಿನಲ್ಲಿ ಆ ಕಲ್ಲಿನ ಕಳ್ಳರ ಮೇಲೆ
ಹಲ್ಲು ಕಡಿಯುತ್ತಿದ್ದೆ.
ಹೊಡೆದುಕೊಂಡು ಹೋಗುವವರೇ ಕಳ್ಳರು ಅಂದುಕೊಂಡಿದ್ದೆ;
ಹೊಡೆದುಕೊಂಡು ಬರುವವರೂ ಇರುತ್ತಾರೆ.
ದನ ತಂದು ನೆಲ ಒಯ್ಯುವವರು.
ಅಲ್ಲಿ ತುರುವೂ ಅವರದೇ, ಕೋವಿಯೂ ಅವರದೇ,
ಇವರಿಗೆ ಉಳಿದದ್ದು ಗೋಳು.

ಇದನ್ನೆಲ್ಲ ಹರುಕು ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ.
ಕ್ಲೆಮ್ ಕೇಳಿದ್ದು ಒಂದೇ: "ಕಲ್ಲಿನ ಮೇಲೆ ಹೆಸರಿದೆಯಾ?"
ಇತ್ತು. ಈಗ ಸವೆದುಹೋಗಿದೆ, ಅಂದೆ.
"ಇತ್ತಲ್ಲ," ಅಂದ, ಲೋಟದ ಚರಟ ಚೆಲ್ಲಿದ.

ಹತ್ತು ಗಂಟೆಯ ಬಿಸಿಲಿಗೆ ಹಲಗೆ ಸುಡತೊಡಗಿದಾಗ
ಸಾವಿರದ ನೂರ ಎಂಬತ್ತೇಳರ ಹಿಂದೆ
ಒಂದು ಕರು ತಡವರಿಸುತ್ತ ಇಳಿಯಿತು.
ಹಡಗಿನಲ್ಲೇ ಹುಟ್ಟಿದ್ದು, ಭೂಮಧ್ಯರೇಖೆಯ ಆಸುಪಾಸು.
ಕಿವಿಯಲ್ಲಿ ಓಲೆಯಿಲ್ಲ. ಕಾಲಿಗೆ ನೆಲವೂ ಇದೇ ಮೊದಲು.
ನಾನು ಬಾಯಿ ತೆರೆದೆ, ಕೂಗಲು ಏನೂ ಇರಲಿಲ್ಲ.
ತಿಜಾನಿ ಕಾದ. ಕೊನೆಗೆ ಒಂದು ಚುಕ್ಕಿ ಇಟ್ಟ,
ಅರಬಿಯಲ್ಲಿ ಅದು ಸೊನ್ನೆ.
ನಮ್ಮಲ್ಲಿ ಹಣೆಗೆ ಬಿಳಿ ಬೊಟ್ಟಿರುವ ಕರುವಿನ ಹೆಸರು.
ಇದರ ಹಣೆಯಲ್ಲಿ ಏನೂ ಇರಲಿಲ್ಲ, ಬೆವರು ಬಿಟ್ಟರೆ.
ಆದರೂ ಕರೆದೆ.

ಲಾರಿಯವನು ಹಾರ್ನ್ ಹಾಕಿದ.
ಸಾವಿರದ ನೂರ ಎಂಬತ್ತೆಂಟು.