ಒಳಮಗ್ಗಲು

ದಿನಕ್ಕೆ ಆರುನೂರು ಪ್ಯಾಂಟು
ಒಳಗಿನದು ಹೊರಗಾಗಿ ತಿರುವಿ ನೋಡುವವಳು ನಾನು.
ಹೊರಗಿಂದ ಎಲ್ಲ ಜೀನ್ಸೂ ಚೆಂದವೇ.
ಬಿಟ್ಟ ಹೊಲಿಗೆ, ಜೋತ ದಾರ,
ಅವಸರಕ್ಕೆ ಸೂಜಿ ಮುರಿದ ಜಾಗ
ಒಳಮಗ್ಗಲಿಗಷ್ಟೇ ಗೊತ್ತು.
ಸೀಮೆಸುಣ್ಣದಲ್ಲಿ ನಾನೊಂದು ಗೀಟೆಳೆದರೆ
ಯಾರದೋ ಪಗಾರಕ್ಕೊಂದು ತೂತು.

ಸೋಮವಾರ ರಾತ್ರಿ, ಕೌಲ್ ಬಜಾರಿನ ನಮ್ಮ ಮಾಳಿಗೆ ಮೇಲೆ,
ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ಓಣಿಯ ಮೇಲೆ ಉಸಿರಾಡುತ್ತಿದ್ದ ಹೊತ್ತಲ್ಲಿ
ಫೋನು ಒಮ್ಮೆ ನಡುಗಿತು:
ಗಾದಿಲಿಂಗಪ್ಪ ಯು. ನಿಮ್ಮ ಗೆಳೆತನ ಕೋರಿದ್ದಾರೆ.

ನಮ್ಮ ಮ್ಯಾನೇಜರು.
ಕಪ್ಪು ಕನ್ನಡಕ, ಬೆನ್ನ ಹಿಂದೆ ಬಿಳಿ ಕಾರು,
ಕೆಳಗೆ ಎರಡು ಗುಂಡಿ, ಒಂದು ನೀಲಿ, ಒಂದು ಬೂದಿ.
ನೀಲಿ ನಮಗೇನು ಹೊಸತೇ?
ವಾಷಿಂಗ್ ಯೂನಿಟ್ಟಿನ ಮೋರಿ ನೀಲಿ,
ಅಲ್ಲಿ ದುಡಿಯುವ ನಮ್ಮಣ್ಣನ ಉಗುರು ನೀಲಿ.
ಗುಂಡಿಯೆಂದರೆ ಒತ್ತುವುದೂ ಹೌದು,
ಬೀಳುವುದೂ ಹೌದು.

"ಒತ್ತೇ ಸುಮ್ನೆ" ಅಂದಳು ಮಾಬುನ್ನಿ, ಡಬ್ಬಿ ಬಿಚ್ಚುತ್ತ.
"ಸಾಹೇಬ್ರನ್ನ ಬಾಗ್ಲಾಗೆ ನಿಲ್ಸಿದ್ರೆ
ಓವರ್‌ಟೈಮೂ ಬಾಗ್ಲಾಗೇ ನಿಲ್ತೈತೆ."
ಮಾರೆಕ್ಕ ಮಾತಾಡಲಿಲ್ಲ.
ಹೋದ ವರ್ಷ ಒತ್ತಿದ್ದಳು ಆಕೆ.
ಕೆಟ್ಟದ್ದೇನೂ ಆಗಲಿಲ್ಲ, ಆಣೆಗೂ.
ಒಂದು ದಿನ ಮಷೀನಿನ ಪಕ್ಕ ನಿಂತು
"ನಿನ್ನ ತಂಗಿ ಸೀಮಂತ ಜೋರಿತ್ತಲ್ಲ" ಅಂದರಂತೆ.
ಅಷ್ಟೇ.
ಆಮೇಲೆ ಆಕೆ ಹಾಕಿದ್ದೆಲ್ಲ
ದೇವರು, ಹೂವು, ಶುಭೋದಯ.

ನನ್ನಲ್ಲಿ ಮುಚ್ಚಿಡುವಂಥದ್ದಾದರೂ ಏನು?
ಒಗ್ಗಾಣಿ ಮಿರ್ಚಿಯ ತಟ್ಟೆ.
ಅಣ್ಣನ ಮಗಳ ಮೊದಲ ಹಲ್ಲು.
ದುರ್ಗಮ್ಮನ ಗುಡಿ ಮುಂದೆ ಹಳದಿ ಸೀರೆಯಲ್ಲಿ ನಾನು
(ಆ ದಿನ ನನಗೆ ಜ್ವರವೆಂದು ರಜಾಚೀಟಿಯಲ್ಲಿದೆ).
ಮತ್ತೆ ಒಂದು ರಾತ್ರಿ ಒಂದೂವರೆಗೆ ಬರೆದ ಒಂದೇ ಪದ:
ದಣಿದೆ.
ಹದಿನೇಳು ಮಂದಿ ಅದಕ್ಕೆ ಹೃದಯ ಒತ್ತಿದ್ದಾರೆ.
ಹದಿನೆಂಟನೆಯದು ಅವರದಾದರೆ?
ದಣಿಸಿದವರ ಹೃದಯವನ್ನು
ಯಾವ ಖಾತೆಗೆ ಜಮಾ ಮಾಡಿಕೊಳ್ಳಲಿ?

ಒತ್ತುವ ಮುಂಚೆ ನಾನೇ ಅವರದನ್ನು ತಿರುವಿ ನೋಡಿದೆ.
ಕಸುಬು, ಬಿಡುವುದಿಲ್ಲ.
ಮಾಲೀಕರ ಹುಟ್ಟುಹಬ್ಬಕ್ಕೆ ಶುಭಾಶಯ.
ಮಾಲೀಕರ ಮಗನ ಮದುವೆಗೆ ಶುಭಾಶಯ.
ಮಾಲೀಕರ ಹೊಸ ಕಾರಿಗೆ ನಿಂಬೆಹಣ್ಣು, ಹಾರ, ಶುಭಾಶಯ.
ಓ, ಬೆನ್ನ ಹಿಂದಿನ ಬಿಳಿ ಕಾರು ಇದೇ.
ಎಷ್ಟು ಜಾರಿಸಿದರೂ ಬರೀ ಹೊರಮಗ್ಗಲು,
ಇಸ್ತ್ರಿ ಹಾಕಿದ್ದು.

ತಳದಲ್ಲಿ, ಆರು ವರ್ಷದ ಕೆಳಗೆ, ಒಂದೇ ಒಂದು:
ಕಾಲುವೆ ದಂಡೆ, ಮಡಚಿದ ಪ್ಯಾಂಟು, ನೀರಲ್ಲಿ ಎರಡು ಪಾದ,
ಮೇಲೆ ಬರೆದಿದ್ದು:
"ಇವತ್ತು ಯಾರ ಫೋನೂ ಎತ್ತಂಗಿಲ್ಲ."
ಮೆಚ್ಚಿದವರು ನಾಲ್ಕು ಮಂದಿ.

ಜೋತ ದಾರ.
ಎಳೀಬೇಡ್ರೇ, ಕತ್ತರಿಸ್ರಿ,
ಎಳೆದರೆ ಇಡೀ ಹೊಲಿಗೆ ಬಿಚ್ಚುತ್ತೆ
ಎಂದು ಹೊಸ ಹುಡುಗಿಯರಿಗೆ ನಾನೇ ಕಲಿಸುವುದು.
ಬೆರಳು ಹಿಂದೆ ತೆಗೆದುಕೊಂಡೆ.

ಜೀನ್ಸಿನ ಬಲಜೇಬಿನೊಳಗೆ ಇನ್ನೊಂದು ಪುಟ್ಟ ಜೇಬಿದೆ.
ಯಾತಕ್ಕೆಂದು ಹೊಲಿಯುವ ನಮಗೂ ತಿಳಿಯದು.
ಅವರ ಕೋರಿಕೆ ಸದ್ಯ ಅಲ್ಲಿದೆ,
ಒಪ್ಪಿಯೂ ಇಲ್ಲ, ಅಳಿಸಿಯೂ ಇಲ್ಲ.

ಇವತ್ತು ಬೆಳಿಗ್ಗೆ ಮೇಜಿನ ಹತ್ತಿರ ಬಂದರು.
"ಏನಮ್ಮಾ, ಫೋನು ನೋಡಂಗಿಲ್ವಾ?"
"ಡೇಟಾ ಮುಗಿದೈತೆ ಸಾರ್."
ಅಷ್ಟರಲ್ಲಿ ನನ್ನ ಚೀಲದೊಳಗೆ
ಟಿಣ್, ಟಿಣ್, ಮತ್ತೂ ಒಮ್ಮೆ ಟಿಣ್.

ಅವರು ಚೀಲ ನೋಡಿದರು, ನಾನು ಪ್ಯಾಂಟು.
ಆಗಲೇ ಅವರ ಫೋನೂ ಬಾರಿಸಿತು.
ಮಾಲೀಕರು.
ಎದುರಿಗೆ ಯಾರಿಲ್ಲದಿದ್ದರೂ ಕನ್ನಡಕ ತೆಗೆದು,
ಬೆನ್ನು ಚೂರು ಬಾಗಿಸಿ,
"ಹ್ಞಾಂ ಸಾರ್, ನೋಡಿದೆ ಸಾರ್, ಲೈಕ್ ಹಾಕಿದೆ ಸಾರ್" ಅನ್ನುತ್ತ
ಬಿಸಿಲಿಗೆ ನಡೆದರು.

ನಾನು ಮುಂದಿನದನ್ನು ತಿರುವಿದೆ.